ಬೈಸಿಕೊಳ್ಳುವವನು

ನನ್ನನ್ನು ಬೈಯಲು ಬರುವವರು ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಬರಬೇಕೆಂದು ಬಾಗಿಲ ಪಕ್ಕದ ಗೋಡೆಗೆ ಡಾಂಬರಿನಲ್ಲಿ ಬರೆಸಿದ್ದೆ. ಬರೆಸಿದ್ದಷ್ಟೇ ಬಂತು, ಒಬ್ಬರೂ ಪಾಲಿಸಲಿಲ್ಲ. ಉಣ್ಣಲು ಕೂತಾಗ ಬರುತ್ತಿದ್ದರು, ಅರ್ಧ ಗಡ್ಡ ಹೆರೆಸಿಕೊಂಡು ಕೂತಾಗ ಬರುತ್ತಿದ್ದರು. ನಾನು ಸೋಪಿನ ನೊರೆ ಒರೆಸಿಕೊಂಡು, ಕರಿ ಕೋಟು ತೊಟ್ಟು, ತಗಡಿನ ಕಿರೀಟ ಏರಿಸಿ, ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂರಬೇಕು. ಅವರು ಕೆಳಗೆ ಬೀದಿಯಲ್ಲಿ ನಿಂತು ನನ್ನ ಏಳು ತಲೆಮಾರನ್ನು ಎಳೆದೆಳೆದು ಬೈಯುತ್ತಾರೆ. ಬೈದು ಸುಸ್ತಾದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ. ನಾನು ಒಂದು ಉತ್ತರ ಕೊಡುತ್ತೇನೆ. ಅಷ್ಟಾದರೆ ಅವರು ಮನೆಗೆ ಹೋಗಿ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಾರೆ. ಎಂಟು ವರ್ಷ ಈ ಕೆಲಸ ಮಾಡಿದೆ.

ನನ್ನ ಹೆಸರು ಮುರಿಗೆಪ್ಪ. ಈ ಕೆಲಸಕ್ಕೂ ಮೊದಲು ಇಪ್ಪತ್ತಾರು ವರ್ಷ ಕಂಪನಿ ನಾಟಕದಲ್ಲಿ ಖಳನ ಪಾತ್ರ ಮಾಡಿದವನು. ಪುರಾಣದ ರಕ್ಕಸ, ಹಳ್ಳಿಯ ಸಾಹುಕಾರ, ಸೊಸೆಯನ್ನು ಹೊಡೆಯುವ ಮಾವ, ಯಾವುದನ್ನೂ ಬಿಟ್ಟಿಲ್ಲ. ಹೊಗಳಿಕೊಳ್ಳುತ್ತಿದ್ದೇನೆ ಅನ್ನಬೇಡಿ, ನಾನು ರಂಗದ ಮೇಲೆ ನಕ್ಕರೆ ಹಿಂದಿನ ಸಾಲಿನಲ್ಲಿ ತಾಯಿಯ ಮಡಿಲಲ್ಲಿ ಮಲಗಿದ ಕೂಸು ಎದ್ದು ಅಳುತ್ತಿತ್ತು. ಅಂಥ ನಗು ನನ್ನದು. ಕಂಪನಿ ಈ ಊರಿನಲ್ಲಿ ಡೇರೆ ಹಾಕಿದಾಗ ಎರಡು ತಿಂಗಳ ಮಟ್ಟಿಗೆ ಬಂದವನು, ಇಲ್ಲೇ ಉಳಿದೆ.

ಊರಿನ ಹೆಸರು ಹೇಳಿ ಉಪಯೋಗವಿಲ್ಲ, ನಕ್ಷೆಯಲ್ಲಿ ಸಿಗುವುದಿಲ್ಲ. ಒಂದು ಹತ್ತಿ ಗಿರಣಿ, ಒಂದು ಶಾಲೆ, ತಗಡಿನ ಥೇಟರು, ಊರ ಹೊರಗೆ ಕಲ್ಲಿನ ಖಣಿ. ಖಣಿಯ ಮೇಲೆ ಅದು ಇದೆ. ಊರವರು ಅದಕ್ಕೆ ‘ಮ್ಯಾಲಿಂದು’ ಅನ್ನುತ್ತಾರೆ, ಬೇರೆ ಹೆಸರು ಇಡಲು ಯಾರಿಗೂ ಧೈರ್ಯ ಬಂದಿಲ್ಲ. ಅದರ ಅಂಚು ಎಲ್ಲಿ ಮುಗಿಯುತ್ತದೆಂದು ಹುಡುಕಲು ಹೋದ ಕಣ್ಣು ಸೋತು ನೆಲಕ್ಕಿಳಿಯುತ್ತದೆ. ಹೊಸಬರು ಮೊದಲ ದಿನ ಅದನ್ನು ನೋಡಿ ವಾಂತಿ ಮಾಡಿಕೊಳ್ಳುತ್ತಾರೆ, ಎರಡನೆಯ ದಿನ ಅದಕ್ಕೆ ಬೆನ್ನು ಹಾಕಿ ಕೂರುತ್ತಾರೆ, ವಾರ ಕಳೆಯುವಷ್ಟರಲ್ಲಿ ಅದರ ನೆರಳಿನಲ್ಲಿ ಮೆಣಸಿನಕಾಯಿ ಒಣಗಿಸಬಾರದು ಎಂಬುದನ್ನೂ ಕಲಿತಿರುತ್ತಾರೆ.

ಅದರಿಂದಾಗಿ ಇಲ್ಲಿ ಮನುಷ್ಯರು ದೂರವಾಗುತ್ತಾರೆ. ಪಕ್ಕದಲ್ಲಿ ಮಣೆಯ ಮೇಲೆ ಕೂತು ಉಣ್ಣುತ್ತಿರುವವನು ಇದ್ದಕ್ಕಿದ್ದಂತೆ ಹಿತ್ತಲಿನಾಚೆ ಕೂತವನಷ್ಟು ಚಿಕ್ಕದಾಗಿ ಕಾಣುತ್ತಾನೆ. ಮಣೆ ಅಲ್ಲೇ ಇದೆ, ಗೋಡೆ ಅಲ್ಲೇ ಇದೆ, ಅವನೂ ಅಲ್ಲೇ ಇದ್ದಾನೆ, ಆದರೆ ಹೊಲದಾಚೆ ಇದ್ದ ಹಾಗೆ. ಓಡಿ ಹೋಗಿ ಹಿಡಿಯಲು ನೋಡಿದರೆ ಗೋಡೆಗೆ ಹಣೆ ಬಡಿಯುತ್ತದೆ. ಮರುದಿನ ಇನ್ನೂ ಚಿಕ್ಕದಾಗುತ್ತಾನೆ. ಎಂಟೋ ಒಂಬತ್ತೋ ದಿನಕ್ಕೆ ಸಾಸಿವೆ ಕಾಳಿನಷ್ಟಾಗಿ, ಆಮೇಲೆ ಇಲ್ಲ. ಮಾತು ಮಾತ್ರ ಕೊನೆಯವರೆಗೂ ಹೋಗಿ ಬರುತ್ತದೆ. ಮೊದಲ ದಿನ ಕೂಡಲೇ ಉತ್ತರ ಬರುತ್ತದೆ. ಮೂರನೆಯ ದಿನಕ್ಕೆ ಒಂದು ಕಪ್ ಚಾ ಕುಡಿಯುವಷ್ಟು ಹೊತ್ತು ಕಾಯಬೇಕು. ಆರನೆಯ ದಿನ ಕೇಳಿದ್ದಕ್ಕೆ ಉಂಡು ಕೈ ತೊಳೆದ ಮೇಲೆ ಉತ್ತರ.

ಊರು ಇದಕ್ಕೂ ಹೊಂದಿಕೊಂಡಿತು. ಗಿರಣಿಯ ಹಾಜರಿ ಪುಸ್ತಕದಲ್ಲಿ ಹಾಜರು, ಗೈರುಹಾಜರು ಎಂಬುದರ ಪಕ್ಕದಲ್ಲಿ ‘ದೂರ’ ಎಂದು ಇನ್ನೊಂದು ಕಾಲಮು ಬಂತು. ಮಾತು ತಡವಾಗುವ ದಿನಗಳಿಗೆ ಬೇಕಾಗುತ್ತದೆಂದು ಹಾಸಿಗೆಯಷ್ಟು ದೊಡ್ಡ ಬಟ್ಟೆಗಳ ಮೇಲೆ ‘ಆರಾಮ ಇದ್ದೇವೆ’ ಎಂದು ಬರೆಸಿ ಎಲ್ಲರ ಮನೆಯಲ್ಲೂ ಮಡಚಿಟ್ಟಿದ್ದರು. ಯಾರಾದರೂ ದೂರವಾಗಿರುವ ಜಾಗದಲ್ಲಿ ಕೊಡ ಇಡಬಾರದು, ಕಸಬರಿಗೆ ಆನಿಸಬಾರದು. ಹೊಂದಿಕೊಳ್ಳಲು ಆಗದೆ ಹೋದದ್ದು ಒಂದೇ ಒಂದು. ಯಾರನ್ನು ಬೈಯಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮೇಲಿನದನ್ನು ಬೈದು ನೋಡಿದರು. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ ಆಯಿತು.

ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಕಲ್ಲಿನಾಥ ಮಾಸ್ತರರು ಅದನ್ನು ಐದು ವರ್ಷ ದುರ್ಬೀನಿನಲ್ಲಿ ನೋಡಿದ್ದರು. ನೋಡಿ ನೋಡಿ ಎಡಗಣ್ಣು ಮಂಜಾಗಿತ್ತು. ಅದಕ್ಕೆ ನಮ್ಮ ಮೇಲೆ ದ್ವೇಷವಿಲ್ಲ, ನಾವು ಇದ್ದೇವೆಂಬುದೇ ಅದಕ್ಕೆ ಗೊತ್ತಿಲ್ಲ ಎಂದು ಅವರು ಕಂಡವರಿಗೆಲ್ಲ ಹೇಳುತ್ತಿದ್ದರು. ‘ಬಿಸಲಾಗ ಹಪ್ಪಳ ಒಣಗ್ತೈತಿ. ಸೂರ್ಯಗ ಹಪ್ಪಳದ ಮ್ಯಾಲೆ ಸಿಟ್ಟೈತೇನು?’ ಅನ್ನುವರು. ಇದನ್ನೇ ಒಂದು ನಾಟಕವಾಗಿಯೂ ಬರೆದು ನಮ್ಮ ಕಂಪನಿಯ ಮಾಲೀಕರಿಗೆ ಕೊಟ್ಟರು. ಆಡಿದೆವು. ರಂಗದ ಹಿಂಬದಿಗೆ ಒಂದು ಕರಿ ಬಟ್ಟೆ ಇಳಿಬಿಟ್ಟಿದ್ದೆವು, ಅದೇ ಖಳನಾಯಕ. ಅದು ಎರಡೂವರೆ ಗಂಟೆ ಸುಮ್ಮನೆ ತೂಗಾಡಿತು. ಒಂದು ಮಾತಿಲ್ಲ, ಒಂದು ಆಸೆಯಿಲ್ಲ. ಜನ ಅರ್ಧಕ್ಕೇ ಎದ್ದು ಬೆಂಚು ಮುರಿದರು. ಮಾಲೀಕರು ಮಾಸ್ತರರ ಕೈಗೆ ಹಸ್ತಪ್ರತಿ ವಾಪಸು ಕೊಟ್ಟು, ಇದಕ್ಕೊಂದು ಬಾಯಿ ಹಚ್ಚಿ ತನ್ನಿ ಎಂದರು.

ನಾನೂ ಅದನ್ನೇ ಹೇಳಿದೆ. ಖಳ ಅಂದ ಮೇಲೆ ಏನಾದರೊಂದು ಬೇಕು ಅನಿಸಬೇಕು. ಹೆಣ್ಣೋ ಮಣ್ಣೋ ಮಾನವೋ. ಏನೂ ಬೇಡದವನನ್ನು ನಾನು ಹೇಗೆ ಆಡಲಿ, ಕಣ್ಣು ಎಲ್ಲಿ ನೆಡಲಿ, ನಗಲಿಕ್ಕೆ ಕಾರಣ ಎಲ್ಲಿಂದ ತರಲಿ? ಮಾಸ್ತರರು ಹತ್ತು ದಿನ ಮುನಿಸಿಕೊಂಡಿದ್ದು, ಹನ್ನೊಂದನೆಯ ದಿನ ‘ಗಗನಾಧೀಶನ ಗರ್ವಭಂಗ’ ಬರೆದು ತಂದರು. ನಕ್ಷತ್ರಗಳಾಚೆಯ ಒಂದು ಬರಡು ಲೋಕದ ಅರಸ, ನಮ್ಮ ಸುಖ ಕಂಡು ಕರುಬಿ, ಮನುಷ್ಯರನ್ನು ಎಳೆದೆಳೆದು ಒಯ್ಯುತ್ತಾನೆ. ಕೊನೆಯ ಅಂಕದಲ್ಲಿ ನಾಯಕ ಮಿಂಚಿನ ಕತ್ತಿಯಿಂದ ಅವನ ವಿಮಾನ ಕಡಿಯುತ್ತಾನೆ.

ಮೊದಲ ಪ್ರಯೋಗ ಬೆಳಿಗ್ಗೆ ಹತ್ತಕ್ಕೆ. ನಾನು ಮುಂದೆ ಬಂದು, ‘ನಿಮ್ಮ ಮಕ್ಕಳ ನಗೆ ನನ್ನ ಲೋಕದಲ್ಲಿಲ್ಲ. ಅದಕ್ಕೇ ಒಯ್ದೆ. ಇನ್ನೂ ಒಯ್ಯುವೆ’ ಎಂದು ನಕ್ಕೆ. ಮೂರನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದು ಕಾಲಿನ ಚಪ್ಪಲಿ ತೆಗೆದು ಎಸೆದಳು. ಅದು ನನ್ನ ಗಲ್ಲಕ್ಕೆ ಬಿತ್ತು. ಅವಳ ಮಗ ಹಿಂದಿನ ವಾರ ದೂರವಾಗಿದ್ದ. ಅವಳು ಅಳುತ್ತಿದ್ದಳು, ಅಳುತ್ತಲೇ ಮುಖದಲ್ಲಿ ಒಂದು ನಿರಾಳ ಕಂಡಿತು. ಮರುದಿನ ಬೆಳಿಗ್ಗೆ ಅವಳೇ ಮನೆ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಳು, ನನ್ನ ಮಗನನ್ನೇ ಯಾಕೆ ಒಯ್ದೆ ಎಂದು ಕೇಳಿದಳು. ನಾನು ಪಾತ್ರಧಾರಿ ತಾಯಿ ಅನ್ನಬಹುದಿತ್ತು. ಅವಳ ಮುಖ ನೋಡಿ, ಅವನು ಸಿಳ್ಳೆ ಹಾಕುತ್ತ ನಡೆಯುತ್ತಿದ್ದ, ನನಗೆ ಹೊಟ್ಟೆಕಿಚ್ಚಾಯಿತು ಅಂದುಬಿಟ್ಟೆ. ಅವಳು ಅಲ್ಲೇ ಕೂತು ಹೊಟ್ಟೆ ತುಂಬ ಅತ್ತು, ಎದ್ದು ಹೋದಳು. ಕುಂಬಳಕಾಯಿ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕದಿಯದೆಯೇ ಮುಟ್ಟಿ ನೋಡಿಕೊಂಡೆ, ಅಲ್ಲಿಂದ ಊರಿಗೆಲ್ಲ ಕಳ್ಳನಾದೆ.

ಕಾರಣ ಹುಡುಕಿ ಕೊಡುವವಳು ನನ್ನ ಮಗಳು ನೀಲಗಂಗಾ. ತಾಯಿ ಸತ್ತಾಗ ಅವಳಿಗೆ ನಾಲ್ಕು ವರ್ಷ, ಕಂಪನಿಯ ಪೆಟ್ಟಿಗೆಗಳ ನಡುವೆ ಬೆಳೆದಳು, ವೇಷದ ಬಟ್ಟೆ ಹೊಲಿಯುತ್ತ ಇಪ್ಪತ್ತೇಳು ಮುಟ್ಟಿದ್ದಳು. ಗಗನಾಧೀಶನ ಮನೆಯ ಹೆಣ್ಣು ತರಲು ಯಾರು ಬರುತ್ತಾರೆ ಎಂದು ಅವಳೇ ನಗುತ್ತಿದ್ದಳು. ಯಾರಾದರೂ ದೂರವಾದರೆ ಸಾಕು, ಓಣಿ ಓಣಿ ತಿರುಗಿ ಆ ಮನುಷ್ಯನ ಬಗ್ಗೆ ಒಂದು ಒಳ್ಳೆಯ ಸಂಗತಿ ಹೆಕ್ಕಿ ತರುವಳು. ಒಬ್ಬರಿಗೆ ಕೊಟ್ಟ ಕಾರಣ ಇನ್ನೊಬ್ಬರಿಗೆ ಕೊಡುವಂತಿಲ್ಲ. ಒಮ್ಮೆ ಎರಡು ಮನೆಗೆ ‘ಅವಳ ಕೈ ರುಚಿಗೆ ಕರುಬಿದೆ’ ಅಂದು, ಎರಡು ಮನೆಯವರೂ ನನ್ನ ಕಟ್ಟೆಯ ಮುಂದೆ ಜುಟ್ಟು ಹಿಡಿದು ಜಗಳಾಡಿದ್ದರು. ಆಮೇಲೆ ನೀಲಾ ಒಂದು ವಹಿ ಇಟ್ಟು, ಕೊಟ್ಟ ಕಾರಣಗಳನ್ನೆಲ್ಲ ಬರೆದಿಡುತ್ತಿದ್ದಳು. ಗಿರಣಿಯ ಒಬ್ಬ ಕಾರಕೂನನ ಬಗ್ಗೆ ಏನೂ ಸಿಗದೆ, ಅವನು ಜೀವಮಾನದಲ್ಲಿ ಒಂದು ನಾಯಿಗೂ ಕಲ್ಲು ಹೊಡೆದಿಲ್ಲ ಎಂಬುದನ್ನು ಮೂರು ದಿನ ಓಡಾಡಿ ಪತ್ತೆ ಮಾಡಿದ್ದಳು. ಅವನ ಹೆಂಡತಿ ಅದನ್ನು ಕೇಳಿ ನನಗೆ ಉಗುಳಿ, ಹೋಗುವಾಗ ನೀಲಾಳಿಗೆ ಕೈಮುಗಿದು ಹೋದಳು.

ನೀಲಾ ದೂರವಾದದ್ದು ಒಂದು ಸೋಮವಾರ ಬೆಳಿಗ್ಗೆ. ನಡುಮನೆಯಲ್ಲಿ ನಿಂತು ನನ್ನ ಕೋಟಿಗೆ ಇಸ್ತ್ರಿ ಮಾಡುತ್ತಿದ್ದಳು. ಚಾ ಆಯಿತೇ ಎಂದು ನಾನು ಕನ್ನಡಿಯಲ್ಲಿ ಮೀಸೆ ತಿದ್ದುತ್ತ ಕೇಳಿದೆ. ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಇಸ್ತ್ರಿ ಪೆಟ್ಟಿಗೆ ಕೋಟಿನ ಮೇಲೆ ಒಂದೇ ಕಡೆ ನಿಂತು ಹೊಗೆ ಏಳುತ್ತಿತ್ತು. ಅವಳು ಮೇಜಿನ ಆಚೆ ಮೊಣಕೈ ಉದ್ದದವಳಾಗಿ ಕಾಣುತ್ತಿದ್ದಳು, ನನ್ನನ್ನೇ ನೋಡುತ್ತಿದ್ದಳು.

‘ಅಪ್ಪಾ, ನೀ ಯಾಕ ಹಿಂದಕ್ಕ ಸರದಿ?’ ಅಂದಳು.

ನಾನು ಸರಿದಿರಲಿಲ್ಲ. ಹಾಗೆಂದು ಹೇಳಿದೆ. ಅವಳಿಗೆ ಅರ್ಥವಾಯಿತು. ಕೋಟು ಸುಡುತ್ತಿದೆ, ಮೊದಲು ಪೆಟ್ಟಿಗೆ ಎತ್ತು ಎಂದಳು. ನಾನು ಎತ್ತಿ, ನೆಲದ ಮೇಲೆ ಕೂತು, ನನ್ನ ಕೈಯನ್ನು ನಾನೇ ಕಚ್ಚಿಕೊಂಡೆ. ನನ್ನ ಮಗಳನ್ನು ಒಯ್ಯಬೇಡ ಎಂದು ಯಾರನ್ನು ಬೇಡಿಕೊಳ್ಳಬೇಕೆಂದು ಹೊಳೆಯಲಿಲ್ಲ. ಊರಿಗೆಲ್ಲ ನಾನಿದ್ದೆ, ನನಗೆ ಯಾರೂ ಇರಲಿಲ್ಲ.

ಕಲ್ಲಿನಾಥ ಮಾಸ್ತರರು ಬಂದು ಬಾಗಿಲಿಗೆ ಚಿಲಕ ಹಾಕಿಸಿದರು, ಒಂಬತ್ತು ದಿನ ಬೈಗುಳ ಬಂದ್ ಎಂದು ಹಲಗೆ ತೂಗುಹಾಕಿದರು. ಹಗಲು ನಾನು, ರಾತ್ರಿ ಅವರು, ಪಾಳಿಯ ಮೇಲೆ ನೀಲಾಳ ಎದುರು ಕೂರುವುದೆಂದಾಯಿತು. ಮಾತು ಹೋಗಿ ಬರುವ ಹೊತ್ತನ್ನು ಅವರು ಪಾಟಿಯ ಮೇಲೆ ಬಳಪದಿಂದ ಬರೆದು ಲೆಕ್ಕ ಹಾಕಿ, ಇಂದು ಕೇಳಿದ್ದಕ್ಕೆ ಇಷ್ಟು ಹೊತ್ತಿಗೆ ಉತ್ತರ ಬರುತ್ತದೆ ಎಂದು ಹೇಳುತ್ತಿದ್ದರು.

ಎರಡನೆಯ ದಿನ ನೀಲಾ ಒಂದು ಮಾತು ಹೇಳಿದಳು. ಅಲ್ಲಿ ಹೇಗಿದೆಯವ್ವಾ ಎಂದು ಕೇಳಿದ್ದೆ. ಹಸಿವಿಲ್ಲ, ನೋವಿಲ್ಲ, ಸುತ್ತ ಬಯಲು, ಬಯಲಿಗೆ ಬಣ್ಣವಿಲ್ಲ ಅಂದಳು. ಮತ್ತೆ ಹೇಳಿದಳು: ‘ಇಲ್ಲಿಂದ ಕಾಣೂದು ನಮ್ಮ ಮನಿ ಒಂದ, ಅಪ್ಪಾ. ಅದೂ ನೀ ಇಲ್ಲಾ ಮಾಸ್ತರು ಎದರಿಗೆ ಕೂತಿದ್ರಷ್ಟ. ನೀ ಎದ್ದ ಹೋದ್ರ ಎಲ್ಲಾ ಆರಿಬಿಡ್ತೈತಿ. ಆವಾಗ ಭಾಳ ಅಂಜಿಕಿ ಬರ್ತೈತಿ.’

ಬೆಳಿಗ್ಗೆ ನಾನು ಬಚ್ಚಲಿಗೆ ಹೋಗಿ ಬಂದಿದ್ದೆ, ಅಷ್ಟಕ್ಕೇ ಅವಳು ಕತ್ತಲಲ್ಲಿ ನಿಂತಿದ್ದಳು. ಅದನ್ನು ತಿಳಿದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಎಂಟು ವರ್ಷ ಊರಿನ ಮನೆಮನೆಯವರು ತಮ್ಮವರು ದೂರವಾದ ದಿನಗಳಲ್ಲಿ ಮನೆ ಬಿಟ್ಟು ನನ್ನ ಕಟ್ಟೆಯ ಮುಂದೆ ಸಾಲು ನಿಂತಿದ್ದರು. ಅತ್ತು, ಬೈದು, ಉತ್ತರ ಪಡೆದು ಹೋಗಲು ಕೆಲವರಿಗೆ ಅರ್ಧ ದಿನ ಹಿಡಿಯುತ್ತಿತ್ತು, ಸಮಾಧಾನವಾಗದವರು ದಿನಾ ಬರುತ್ತಿದ್ದರು. ಅಷ್ಟು ಹೊತ್ತು ಅವರ ಗಂಡ, ಮಗ, ತಂಗಿ ಆ ಬಯಲಲ್ಲಿ ಆರಿದ ಮನೆಯ ಕಡೆ ಮುಖ ಮಾಡಿ ನಿಂತಿದ್ದರು. ದೂರವಾದವರು ಇದನ್ನು ತಮ್ಮವರಿಗೆ ಹೇಳಿಯೇ ಇರಬೇಕು. ಕೇಳಿದವರು ನಾಚಿಕೆಯಿಂದ ಹೊರಗೆ ಬಾಯಿ ಬಿಟ್ಟಿರಲಿಕ್ಕಿಲ್ಲ. ಊರಿಗೆ ಹೇಳಿಬಿಡೋಣವೇ ಎಂದು ಮಾಸ್ತರರನ್ನು ಕೇಳಿದೆ. ಅವರು ಕನ್ನಡಕ ಒರೆಸಿ, ಸತ್ಯ ಬರೆದು ಒಮ್ಮೆ ಬೆಂಚು ಮುರಿಸಿಕೊಂಡದ್ದು ಸಾಕು ಅಂದರು. ನಾನೂ ಆ ಮಾತು ಬಿಟ್ಟೆ.

ಅಲ್ಲಿಂದ ನಾನು ಎದ್ದದ್ದು ಕಡಿಮೆ. ತಂಬಿಗೆ, ಬೋಗುಣಿ ಎಲ್ಲ ಪಕ್ಕದಲ್ಲೇ ಇಟ್ಟುಕೊಂಡೆ. ಅವಳು ಗೇಣಿನಷ್ಟಾದಳು, ಬೆರಳಿನಷ್ಟಾದಳು. ನಾವು ಆಡಿದ್ದು ದೊಡ್ಡ ಮಾತುಗಳೇನಲ್ಲ. ಸೂಜಿ ಡಬ್ಬಿ ಎಲ್ಲಿದೆ, ಯಾರ ಮನೆಯ ರವಿಕೆ ಹೊಲಿದದ್ದು ಕೊಡಬೇಕಾಗಿದೆ, ಉಪ್ಪಿನಕಾಯಿ ಭರಣಿಗೆ ಕೈ ಹಾಕಬೇಡ, ಇಂಥವೇ. ಐದನೆಯ ದಿನ ಅವಳ ದನಿಯಲ್ಲಿ ನಗು ಇತ್ತು.

‘ನನಗೂ ಒಂದ ಕಾರಣ ಕೊಡು ಅಪ್ಪಾ. ವಹಿಯೊಳಗ ಇರಲಾರದ್ದು.’

ನಾನು ಬಾಯಿ ತೆರೆದೆ. ಅವಳು ದಾರವನ್ನು ಹಲ್ಲಿನಿಂದ ಕಡಿಯುವುದು, ಹೊಸ ಬಟ್ಟೆ ಬಂದರೆ ಮೊದಲು ಮೂಸಿ ನೋಡುವುದು, ಸಿಟ್ಟು ಬಂದರೆ ಪಾತ್ರೆ ಇನ್ನೂ ಮೆಲ್ಲಗೆ ಇಡುವುದು, ಎಲ್ಲ ನೆನಪಿಗೆ ಬಂತು. ಊರಿನ ನೂರಾರು ಜನರಿಗೆ ಇಂಥದ್ದೊಂದನ್ನು ಹೆಕ್ಕಿ, ಇದಕ್ಕೇ ಒಯ್ದೆ ಎಂದು ಸಲೀಸಾಗಿ ಹೇಳಿದ ನಾಲಿಗೆ ಆವತ್ತು ಏಳಲಿಲ್ಲ. ಯಾವುದೂ ಅದಕ್ಕೆ ಗೊತ್ತಿಲ್ಲ, ಯಾವುದಕ್ಕಾಗಿಯೂ ಅದು ಅವಳನ್ನು ಒಯ್ಯುತ್ತಿಲ್ಲ. ಅವಳು ಅಲ್ಲಿ ಉತ್ತರಕ್ಕೆ ಕಾಯುತ್ತಿದ್ದಾಳೆ, ನಾನು ಇನ್ನೂ ಕಳಿಸಿಯೇ ಇಲ್ಲ ಎಂಬುದು ಅರಿವಾಗುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಕಾರಣ ಇಲ್ಲವ್ವಾ ಎಂದು ಕೂಗಿದೆ. ಒಂದು ಊಟ ಮುಗಿಸುವಷ್ಟು ಹೊತ್ತಾದ ಮೇಲೆ ಅವಳ ದನಿ ಬಂತು.

‘ಗೊತ್ತೈತಿ. ನಿನ್ನ ಬಾಯಿಂದ ಕೇಳಬೇಕಿತ್ತು.’

ಎಂಟನೆಯ ದಿನ ಅವಳು ಅಕ್ಕಿಕಾಳಿನಷ್ಟಿದ್ದಳು. ಮಾಸ್ತರರಿಗೆ ನಿದ್ದೆಗೆಟ್ಟು ಜ್ವರ ಬಂದಿತ್ತು, ಬೆಳಿಗ್ಗೆ ಪಾಟಿ ನನ್ನ ಕೈಗೆ ಕೊಟ್ಟು ಮನೆಗೆ ಹೋದರು. ಹೋಗುವ ಮುನ್ನ, ಏನಿದ್ದರೂ ಈಗಲೇ ಕೇಳು, ನಾಳೆ ಕೇಳಿದ್ದು ಅವಳಿಗೆ ಮುಟ್ಟಲಿಕ್ಕಿಲ್ಲ ಅಂದರು. ದನಿ ಈಗ ಸಣ್ಣಗೆ ಬರುತ್ತದೆ, ಹತ್ತಿರವೇ ಕೂತು ಕೇಳು ಎಂದೂ ಹೇಳಿದರು. ನಾನು ಕೇಳಿದೆ: ‘ನೀಲಾ, ಹೇಳೂದೇನರ ಉಳದಿದ್ರ ಹೇಳವ್ವಾ.’ ಪಾಟಿಯ ಪ್ರಕಾರ ಉತ್ತರ ಬರಬೇಕಾದದ್ದು ಮಧ್ಯಾಹ್ನ ಮೂರಕ್ಕೆ. ಗೋಡೆ ಗಡಿಯಾರದ ಕೆಳಗೆ ಕೂತೆ.

ಹನ್ನೆರಡೂವರೆಗೆ ಬಾಗಿಲು ಬಡಿದರು. ಕಾಯಿಪಲ್ಲೆ ಮಾರುವ ಹುಸೇನಬಿ. ಅವಳ ಗಂಡ ಮಕ್ತುಮಸಾಬ ನಮ್ಮ ಕಂಪನಿಯ ಹಾರ್ಮೋನಿಯಂ ಪೇಟಿ ರಿಪೇರಿ ಮಾಡುತ್ತಿದ್ದವನು, ದೂರವಾಗಿ ಎಂಟು ದಿನವಾಗಿತ್ತು. ಹಲಗೆ ನೋಡಿ ಇಷ್ಟು ದಿನ ಸುಮ್ಮನಿದ್ದೆ, ಇನ್ನು ಆಗುವುದಿಲ್ಲ, ಅವನು ಕಣ್ಮರೆಯಾಗುವ ಮೊದಲು ನನಗೆ ಕಾರಣ ಬೇಕು ಎಂದು ಅವಳು ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಗಗನಾಧೀಶಾ, ಹೊರಗೆ ಬಾ ಎಂದು ಕೂಗುತ್ತಿದ್ದಳು. ಅವಳ ಹಿಂದೆ ಬೀದಿಯಲ್ಲಿ ಇನ್ನೂ ಹತ್ತಾರು ದನಿ ಕೇಳಿಸಿತು. ವಾರದಿಂದ ಬೈಗುಳ ಇಲ್ಲದೆ ಊರು ಉಬ್ಬರಿಸಿ ಕೂತಿತ್ತು.

ಈಗ ಹೇಳುವುದನ್ನು ಸುಳ್ಳು ಬೆರೆಸದೆ ಹೇಳುತ್ತೇನೆ. ಹುಸೇನಬಿಯ ಮೇಲಿನ ಕನಿಕರಕ್ಕೆ ಎದ್ದೆ ಅಂದರೆ ಅರ್ಧ ಸತ್ಯ. ಎಂಟು ದಿನ ಒಂದು ಕಾಳಿನತ್ತ ನೋಡುತ್ತ ಕೂತು ನಾನು ಸೋತಿದ್ದೆ. ಒಳಗೆ ನಾನು ಏನೂ ಮಾಡಲಾಗದ ಒಬ್ಬ ಮುದುಕ. ಹೊರಗೆ ಜನ ನನ್ನನ್ನು ಕರೆಯುತ್ತಿದ್ದರು. ಜನ ಕೂಗಿದರೆ ಎದ್ದು ನಿಲ್ಲುವುದು ಮೂವತ್ತಕ್ಕೂ ಹೆಚ್ಚು ವರ್ಷದಿಂದ ಈ ಕಾಲುಗಳಿಗೆ ರೂಢಿ. ಮೂರಕ್ಕೆ ಇನ್ನೂ ಎರಡೂವರೆ ಗಂಟೆ ಇದೆ, ಹತ್ತು ನಿಮಿಷದಲ್ಲಿ ಬಂದುಬಿಡುತ್ತೇನೆ ಅಂದುಕೊಂಡೆ. ನಾನು ಎದ್ದರೆ ಅವಳಿಗೆ ಮನೆ ಆರುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಎದ್ದೆ. ಸುಟ್ಟ ಕಲೆ ಇದ್ದ ಕೋಟನ್ನೇ ತೊಟ್ಟೆ.

ಹುಸೇನಬಿ ಬೈದಳು. ನನ್ನ ನಾಲಿಗೆ ಸೇದಿಹೋಗಲಿ, ನನ್ನ ಹೆಣಕ್ಕೆ ಮಣ್ಣು ಹಾಕುವವರು ಇಲ್ಲದಂತಾಗಲಿ ಅಂದಳು. ಕೊನೆಗೆ ಕೇಳಿದಳು. ನಾನು, ಮಕ್ತುಮಸಾಬ ಪೇಟಿ ಬಿಚ್ಚಿದರೆ ಮೊದಲು ಅದರ ಒಳಗೆ ಊದಿ ‘ಎಲ್ಲಿ ನೋವೈತಿ’ ಎಂದು ಕೇಳುತ್ತಿದ್ದ, ನನ್ನ ಲೋಕದಲ್ಲಿ ನೋವು ಕೇಳುವವರಿಲ್ಲ, ಅದಕ್ಕೇ ಒಯ್ದೆ ಎಂದೆ. ಅವಳು ಮಣ್ಣಿನ ಮೇಲೆ ಕುಸಿದು ಅತ್ತಳು. ಗುಂಪಿನಿಂದ ಒಂದು ನಿಟ್ಟುಸಿರು ಎದ್ದಿತು. ಎದ್ದು ಒಳಗೆ ಹೋಗಬೇಕಿತ್ತು. ಅಷ್ಟರಲ್ಲಿ ಮುಂದಿನವರು ಬಂದು ನಿಂತರು, ಅವರ ಹಿಂದೆ ಮತ್ತೊಬ್ಬರು. ವಹಿ ಇಲ್ಲದೆಯೇ ಒಂದರ ಹಿಂದೊಂದು ಕಾರಣ ಹೊಳೆಯುತ್ತಿತ್ತು. ಆ ದಿನದಂಥ ನಟನೆಯನ್ನು ನಾನು ಜೀವಮಾನದಲ್ಲಿ ಮಾಡಿಲ್ಲ. ನಗಬೇಕಾದಲ್ಲಿ ನಕ್ಕೆ, ಕರಿ ಕೋಟು ಬೀಸಿದೆ, ಹನ್ನೊಂದು ಮನೆಯವರನ್ನು ಅಳಿಸಿ ಕಳಿಸಿದೆ. ಗಡಿಯಾರ ಒಳಗಿತ್ತು. ಬಿಸಿಲು ಕಟ್ಟೆಯಿಂದ ಇಳಿದು ಎದುರು ಮನೆಯ ಗೋಡೆ ಹತ್ತಿತ್ತು.

ಕೊನೆಯ ಸಾಲಿನಲ್ಲಿದ್ದ ಮುದುಕಿ ಈರವ್ವ ಯಾವಾಗಲೋ ನೀರು ಕುಡಿಯಲು ನಮ್ಮ ಮನೆಯೊಳಗೆ ಹೋಗಿದ್ದಳಂತೆ. ತಂಬಿಗೆ ಹಿಡಿದು ಹೊರಗೆ ಬಂದು, ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಪಕ್ಕದಲ್ಲಿ ನಿಂತಳು.

‘ನಿಮ್ಮನ್ಯಾಗ ಬೀಗರು ಬಂದಾರೇನಪಾ? ಒಳಗ ಯಾರೋ ಹೆಣ್ಣಮಗಳು ಸಣ್ಣ ದನೀಲೆ ಮಾತಾಡಾಕತ್ತಿದ್ದಳು. ಭಾಳೊತ್ತು ಮಾತಾಡಿದಳು. ನನಗ ಕಿವಿ ಮಂದ.’

ನಾನು ಅವಳ ಎರಡೂ ತೋಳು ಹಿಡಿದು, ಏನು ಕೇಳಿಸಿತು ಹೇಳು ಎಂದೆ. ಅವಳು ಅಂಜಿ ತಂಬಿಗೆ ಕೆಳಗೆ ಹಾಕಿದಳು. ‘ಅಪ್ಪಾ’ ಅಂದ ಹಾಗಾಯಿತು, ಆಮೇಲಿನದು ಹೊರಗಿನ ಅಳುವಿನಲ್ಲಿ ತಿಳಿಯಲಿಲ್ಲ ಅಂದಳು. ಒಳಗೆ ಓಡಿದೆ. ಗಡಿಯಾರ ಮೂರೂ ಇಪ್ಪತ್ತು ತೋರಿಸುತ್ತಿತ್ತು. ಮೇಜಿನಾಚೆ ಗೋಡೆಯ ಹತ್ತಿರ ಸಾಸಿವೆಯಷ್ಟು ಏನೋ ಇತ್ತು, ಇನ್ನೊಮ್ಮೆ ಹೇಳವ್ವಾ ಎಂದು ಕೂಗಿದೆ. ಆ ಕೂಗು ಅವಳಿಗೆ ಮುಟ್ಟುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಉತ್ತರ ಹೊರಟರೂ ಇಲ್ಲಿಗೆ ಬರುವ ಮೊದಲೇ ಎಲ್ಲ ಮುಗಿದಿರುತ್ತದೆ ಎಂದು ಪಾಟಿ ನೋಡದೆಯೂ ತಿಳಿಯುತ್ತಿತ್ತು. ಆದರೂ ಕೂತೆ. ಮರುದಿನ ಮಧ್ಯಾಹ್ನದವರೆಗೆ ಕಣ್ಣು ಮಿಟುಕಿಸದೆ ಕೂತೆ. ಯಾವ ಗಳಿಗೆಯಲ್ಲಿ ಆ ಕಾಳು ಇಲ್ಲವಾಯಿತೋ ಗೊತ್ತಾಗಲಿಲ್ಲ, ಗೋಡೆಯ ಮೇಲಿನ ಒಂದು ಚುಕ್ಕೆಯನ್ನು ಅವಳೆಂದು ಎಷ್ಟೋ ಹೊತ್ತು ನೋಡುತ್ತ ಕೂತಿದ್ದೆ.

ಮೂರು ದಿನ ಬಿಟ್ಟು ಖಣಿಗೆ ಹೋದೆ. ಅದರ ಕೆಳಗೆ ನಿಂತು, ಅಂಗಿ ಬಿಚ್ಚಿ, ನನ್ನನ್ನು ಒಯ್ಯಿ ಅಂದೆ. ನನಗೆ ಗೊತ್ತಿದ್ದ ಅತ್ಯುತ್ತಮ ಮಾತುಗಳನ್ನೆಲ್ಲ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಆಡಿಸುತ್ತದೆ. ಕಲ್ಲು ಒಡೆಯುವವರು ಸುತ್ತಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ ಮತ್ತೆ ಕೆಲಸಕ್ಕೆ ತೊಡಗಿದರು.

ಆಮೇಲೆ ಒಂದು ಶುಕ್ರವಾರ ಊರವರನ್ನು ಕರೆಸಿದೆ. ಕೋಟಿಲ್ಲ, ಕಿರೀಟವಿಲ್ಲ, ಮಾಸಿದ ಧೋತರದಲ್ಲಿ ಕಟ್ಟೆಯಿಂದ ಇಳಿದು ಬೀದಿಯ ಮಣ್ಣಿನ ಮೇಲೆ ಕೂತೆ. ನನ್ನ ಮಗಳು ಕೊನೆಯ ಮಾತು ಹೇಳುವಾಗ ನಾನು ಒಳಗಿರಲಿಲ್ಲ, ಹೊರಗೆ ನಿಮ್ಮ ಮುಂದೆ ನಗುತ್ತಿದ್ದೆ ಎಂದು ಹೇಳಿದೆ. ನಾನು ಎದ್ದರೆ ಅವಳು ಕತ್ತಲಲ್ಲಿ ಇರುತ್ತಾಳೆಂದು ತಿಳಿದೂ ಎದ್ದೆ ಎಂದೆ. ಕತ್ತಲು ಅಂದಾಗ ಕೆಲವರು ತಲೆ ತಗ್ಗಿಸಿದ್ದನ್ನು ನೋಡಿದೆ. ಅವರಿಗೆ ಮೊದಲೇ ಗೊತ್ತಿತ್ತು. ಇದೊಂದು ನಾನೇ ಮಾಡಿದ್ದು, ನಿಜವಾಗಿ ನಾನು ಮಾಡಿದ್ದು, ಕಾರಣವನ್ನೂ ಹೇಳುತ್ತೇನೆ, ನನಗೆ ಜನ ಬೇಕಿತ್ತು, ಅದಕ್ಕೆ ಎದ್ದೆ. ಇದಕ್ಕೆ ನನ್ನನ್ನು ಬೈಯಿರಿ ಎಂದು ಕೈಮುಗಿದು ಕೇಳಿಕೊಂಡೆ.

ಯಾರೂ ಬೈಯಲಿಲ್ಲ. ಮಾಸ್ತರರು ಕಂಬಕ್ಕೆ ಒರಗಿ ನಿಂತು ಬೇರೆ ಕಡೆ ನೋಡುತ್ತಿದ್ದರು. ಕೊನೆಗೆ ಹುಸೇನಬಿ ಕಾಯಿಪಲ್ಲೆಯ ಬುಟ್ಟಿ ಇಳಿಸಿ ನನ್ನ ಎದುರು ಕೂತಳು. ಮೊನ್ನೆಯಷ್ಟೇ ನನ್ನ ಹೆಣಕ್ಕೆ ಮಣ್ಣು ಸಿಗದಿರಲಿ ಎಂದವಳು. ನನ್ನ ತಲೆಯ ಮೇಲೆ ಕೈ ಇಟ್ಟು ಸವರಿದಳು.

‘ಬಿಡಪಾ ಮುರಿಗೆಪ್ಪಣ್ಣ. ನೀ ಏನ ಮಾಡೀಯಾ. ಎಲ್ಲಾ ಆ ಮ್ಯಾಲಿಂದು ಮಾಡಿದ್ದು. ಅದಕ್ಕ ನಿನ್ನ ಮ್ಯಾಲೆ ಭಾಳ ದಿನದಿಂದ ಸಿಟ್ಟಿತ್ತು.’

ಸುತ್ತ ನಿಂತವರು ಹೌದು ಹೌದು ಎಂದು ತಲೆ ಆಡಿಸಿದರು. ಅದು ಮಾಡಿದ್ದನ್ನೆಲ್ಲ ಎಂಟು ವರ್ಷ ನಾನು ಹೊತ್ತಿದ್ದೆ, ನಾನು ಮಾಡಿದ ಒಂದನ್ನು ಈಗ ಅದರ ತಲೆಗೆ ಕಟ್ಟಿದರು. ಇಲ್ಲ ಅನ್ನಲು ಹೋದೆ. ಹುಸೇನಬಿ ನನ್ನ ಕಣ್ಣೀರನ್ನು ತನ್ನ ಸೆರಗಿನಿಂದಲೇ ಒರೆಸಿ, ಒಳಗೆ ಹೋಗಿ ಚಾ ಮಾಡಿ ತಂದು ಕೊಟ್ಟಳು. ಎಲ್ಲರೂ ನೋಡುತ್ತಿದ್ದರು, ನಾನು ಕುಡಿದೆ.